ಡಿರೇಲರ್‌ಮಣಿದರ್ಪಣಂ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮ ದನಕರುಗಳ ರೋಗಕ್ಕೆಂದು ‘ಗೋವೈದ್ಯ’ ಬರೆದಿಟ್ಟ. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳ ಕುಲಗೋತ್ರ ಬಿಡಿಸಿದ. ಅಭಿನವಚಂದ್ರ ಕುದುರೆಯ ಕಾಯಿಲೆ ನೋಡಿಕೊಂಡ. ಕೇಶಿರಾಜನಂತೂ ‘ಶಬ್ದಮಣಿದರ್ಪಣ’ದಲ್ಲಿ ಭಾಷೆಯ ಕೀಲುಕೀಲನ್ನೂ ಸೂತ್ರ ಹಾಕಿ ಬಿಗಿದ. ಇಷ್ಟೆಲ್ಲ ಆದಮೇಲೂ, ಮೌಂಟನ್ ಬೈಕಿನ ಹಿಂದಿನ ಚಕ್ರದ ಬಲಮಗ್ಗುಲಿಗೆ ಕೆಸರು ಮೆತ್ತಿಕೊಂಡು ಜೋತಾಡುವ ಡಿರೇಲರ್ ಎಂಬ ಪ್ರಾಣಿಯ ಬಗ್ಗೆ ನಮ್ಮಲ್ಲಿ ಒಂದೇ ಒಂದು ಕಂದಪದ್ಯವಿಲ್ಲ. ಹಿಂದಿನವರನ್ನು ದೂರುವಂತಿಲ್ಲ, ಅವರ ಕಾಲಕ್ಕೆ ಗೇರ್ ಸೈಕಲ್ ಬಂದಿರಲಿಲ್ಲ. ಬಂದಮೇಲೂ ಸುಮ್ಮನಿದ್ದವರು ನಾವು. ಆ ಕೊರತೆಯನ್ನು ತುಂಬಲು ಹೊರಟ ಈ ಗ್ರಂಥ ಕೇಶಿರಾಜನ ಮಾದರಿಯಲ್ಲೇ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಹಿಡಿಯುತ್ತದೆ. ಕಂದದಲ್ಲಿ ಹೇಳುವ ಶಕ್ತಿ ಗ್ರಂಥಕರ್ತನಿಗಿಲ್ಲವಾದ್ದರಿಂದ ಸೂತ್ರಗಳೂ ಗದ್ಯದಲ್ಲೇ ಇವೆ. ಹಳಗನ್ನಡದಲ್ಲಿ ತಪ್ಪು ಕಂಡರೆ ವಿದ್ವಾಂಸರು ಅದನ್ನು ಗೇರಿನ ದೋಷವೆಂದು ಭಾವಿಸಿ ಕ್ಷಮಿಸಬೇಕು.

ಮೊದಲು ರೋಗಿಯ ಪರಿಚಯ. ಫ್ರೇಮಿನ ಹಿಂತುದಿಯಲ್ಲಿ ಹ್ಯಾಂಗರ್ ಎಂಬ ಚಿಕ್ಕ ಲೋಹದ ಕಿವಿ ಇರುತ್ತದೆ. ಆ ಕಿವಿಯ ತೂತಿಗೆ ಡಿರೇಲರನ್ನು ತಿರುಪಿ ಕೂರಿಸಿರುತ್ತಾರೆ. ಡಿರೇಲರ್ ಎಂದರೆ ನಾಲ್ಕು ಕೀಲಿನ ಒಂದು ಓರೆ ಚೌಕಟ್ಟು, ಅದರಡಿಯಲ್ಲಿ ಕೇಜು, ಕೇಜಿನೊಳಗೆ ಜಾಕಿ ವೀಲ್ ಎಂಬ ಎರಡು ಪುಟ್ಟ ಹಲ್ಲುಗಾಲಿಗಳು. ಹ್ಯಾಂಡಲ್ ಮೇಲಿನ ಶಿಫ್ಟರ್ ಕೇಬಲನ್ನು ಎಳೆದರೆ ಚೌಕಟ್ಟು ಒಳಕ್ಕೆ ವಾಲಿ ಚೈನನ್ನು ದೊಡ್ಡ ಹಲ್ಲಿನ ಚಕ್ರಕ್ಕೆ ಏರಿಸುತ್ತದೆ. ಕೇಬಲ್ ಸಡಿಲ ಬಿಟ್ಟರೆ ಒಳಗಿನ ಸ್ಪ್ರಿಂಗು ಅದನ್ನು ಹೊರಕ್ಕೆ ಎಳೆದು ಚಿಕ್ಕ ಚಕ್ರಕ್ಕೆ ಇಳಿಸುತ್ತದೆ. ಒಳಕ್ಕೆ ಕರೆಯುವುದು ಕೇಬಲು, ಹೊರಕ್ಕೆ ಕರೆಯುವುದು ಸ್ಪ್ರಿಂಗು. ಡಿರೇಲರಿಗೆ ಇದರಾಚೆ ಸ್ವಂತ ಅಭಿಪ್ರಾಯವೆಂಬುದಿಲ್ಲ.

ಈ ಪ್ರಾಣಿಗೆ ಸಮಾಜದಲ್ಲಿ ಮರ್ಯಾದೆ ಸಿಕ್ಕಿದ್ದು ತಡವಾಗಿ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯೊಳಗೆ ಇದನ್ನು ಬಿಟ್ಟುಕೊಂಡದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಗುಡ್ಡದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಮಗ್ಗುಲು ಬದಲಿಸಿ ಹಾಕಿಕೊಳ್ಳುತ್ತಿದ್ದರು. 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ಚೌಕಟ್ಟನ್ನು ಓರೆ ಮಾಡಿತು. ಮೇಲಿನ ಜಾಕಿ ವೀಲು ಹಲ್ಲಿನ ಚಕ್ರಗಳ ಇಳಿಜಾರನ್ನು ಅನುಸರಿಸಿ ಚಲಿಸತೊಡಗಿದ್ದು ಹೀಗೆ. ಇಪ್ಪತ್ತು ವರ್ಷ ಕಳೆದು, 1984ರಲ್ಲಿ, ಶಿಮಾನೊ ಕಂಪನಿ ಲಿವರಿಗೆ ‘ಟಿಕ್’ ಎಂಬ ಸದ್ದು ಜೋಡಿಸಿತು. ಒಂದು ಟಿಕ್‌ಗೆ ಒಂದು ಗೇರು. ಅದಕ್ಕೂ ಮೊದಲು ಲಿವರನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಚೈನು ಗರಗರ ಎಂದರೆ ಸವಾರ ಕಿವಿಗೊಟ್ಟು ಕೇಳಿ ಒಂದಿಷ್ಟು ಸರಿಸಿಕೊಳ್ಳುತ್ತಿದ್ದ. ಟಿಕ್ ಬಂದಂದಿನಿಂದ ಸವಾರನ ಕಿವಿ ನಿವೃತ್ತಿ ಪಡೆಯಿತು, ಲೆಕ್ಕ ಅಧಿಕಾರಕ್ಕೆ ಬಂತು.

ಲೆಕ್ಕ ಎಷ್ಟು ಬಿಗಿಯೆಂದರೆ, ಒಂಬತ್ತು ಗೇರಿನ ಕ್ಯಾಸೆಟ್ಟಿನಲ್ಲಿ, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲಿನಲ್ಲಿ, ಒಂದು ಹಲ್ಲಿನ ಚಕ್ರದಿಂದ ಪಕ್ಕದ್ದಕ್ಕೆ ಇರುವ ದೂರ ಸುಮಾರು 4.35 ಮಿಲಿಮೀಟರ್. ಶಿಮಾನೊ ಶಿಫ್ಟರ್ ಒಂದು ಟಿಕ್‌ಗೆ ಎಳೆಯುವ ಕೇಬಲು ಸುಮಾರು ಎರಡೂವರೆ ಮಿಲಿಮೀಟರ್. ಡಿರೇಲರ್ ಅದನ್ನು 1.7 ಪಟ್ಟು ಹಿಗ್ಗಿಸಿ ಚೈನಿಗೆ ದಾಟಿಸುತ್ತದೆ. ಹಾಗಾಗಿ ಕೇಬಲಿನಲ್ಲಿ ಎಲ್ಲೋ ಅರ್ಧ ಮಿಲಿಮೀಟರ್ ಮೋಸವಾದರೆ ಚೈನಿನ ಬಳಿ ಅದು 0.85 ಮಿಲಿಮೀಟರ್ ಆಗುತ್ತದೆ, ಅಂದರೆ ಒಂದು ಗೇರಿನ ದೂರದಲ್ಲಿ ಸುಮಾರು ಐದನೆಯ ಒಂದು ಪಾಲು. ಚೈನು ಗೊಣಗಲು ಅಷ್ಟು ಸಾಕು. ಹತ್ತು, ಹನ್ನೊಂದು, ಹನ್ನೆರಡು ಗೇರಿನ ಸೈಕಲ್ಲುಗಳಲ್ಲಿ ಚಕ್ರಗಳು ಇನ್ನೂ ಒತ್ತೊತ್ತಾಗಿ ಕೂತಿರುವುದರಿಂದ ತಪ್ಪಿಗೆ ಜಾಗ ಇನ್ನೂ ಕಡಿಮೆ.

ತಪ್ಪು ಎಲ್ಲೇ ಆಗಲಿ, ಸದ್ದು ಮಾತ್ರ ಡಿರೇಲರಿನ ಬಳಿಯೇ ಬರುತ್ತದೆ. ಮನೆಯಲ್ಲಿ ಮಡಕೆ ಯಾರ ಕೈಜಾರಿ ಒಡೆದರೂ ಬೈಸಿಕೊಳ್ಳುವ ಹೊಸ ಸೊಸೆಯ ಸ್ಥಾನ ಅದರದ್ದು. ಡಿರೇಲರ್ ಕೆಟ್ಟಿದೆ ಎಂದು ಜನ ಹೇಳುವಾಗ ಬಹುಪಾಲು ಡಿರೇಲರ್ ಕೆಟ್ಟಿರುವುದಿಲ್ಲ ಎಂಬುದು ಈ ಗ್ರಂಥದ ಸಿದ್ಧಾಂತ.

ಇದಕ್ಕೆ ಪೂರ್ವಪಕ್ಷಗಳುಂಟು. ಲೋಕದಲ್ಲಿ ಮೂರು ಮತಗಳು ಪ್ರಬಲವಾಗಿವೆ. ಮೊದಲನೆಯವರು ತೈಲವಾದಿಗಳು. ಇವರ ಪ್ರಕಾರ ಸಕಲ ದೋಷಕ್ಕೂ ಎಣ್ಣೆಯೇ ಮದ್ದು. ಕೊಬ್ಬರಿ ಎಣ್ಣೆಯಿಂದ ಹಿಡಿದು ಹೊಲಿಗೆ ಯಂತ್ರದ ಎಣ್ಣೆಯವರೆಗೆ ಇವರಲ್ಲಿ ಒಳಪಂಗಡಗಳಿವೆ. ಎಣ್ಣೆ ಸುರಿದ ಚೈನಿಗೆ ಧೂಳು ಕೂತು ಅರೆಯುವ ಹಿಟ್ಟಾಗುತ್ತದೆಂಬುದನ್ನು ಇವರು ಒಪ್ಪುವುದಿಲ್ಲ. ಎರಡನೆಯವರು ಸ್ಕ್ರೂವಾದಿಗಳು. ಕಣ್ಣಿಗೆ ಕಂಡ ಸ್ಕ್ರೂವನ್ನು ತಿರುಗಿಸದೆ ಬಿಡುವುದು ಇವರಿಗೆ ಕರ್ತವ್ಯಲೋಪ. ಮೂರನೆಯವರು ಸರ್ವಪರಿತ್ಯಾಗಿಗಳು. ‘ಸಾರ್, ಗೇರ್ ಸೆಟ್ಟೇ ಹೋಗಿದೆ, ಹೊಸದು ಹಾಕ್ಬಿಡೋಣ’ ಎಂಬುದು ಇವರ ಏಕವಾಕ್ಯ ದರ್ಶನ. ಈ ಮತದಲ್ಲಿ ವೈರಾಗ್ಯ ಅಂಗಡಿಯವರದು, ಖರ್ಚು ನಮ್ಮದು. ಮೂರೂ ಮತಗಳು ನೋಡುವುದಕ್ಕಿಂತ ಮೊದಲು ಮಾಡುತ್ತವೆಯಾದ್ದರಿಂದ ಮೂರೂ ತ್ಯಾಜ್ಯ.

ಸೂತ್ರಂ: ಕಣ್ಣಿಂ ಕಂಡಲ್ಲದೆ ತಿರುಪುಳಿಯಂ ಪಿಡಿಯಲಾಗದು.

ವೃತ್ತಿ: ಲಕ್ಷಣ ಬೇರೆ, ಕಾರಣ ಬೇರೆ. ಲಕ್ಷಣಗಳು ಮೂರು ಬಗೆ, ಶಾಲೆಯಲ್ಲಿ ಕಲಿತ ಸಂಧಿಗಳ ಹೆಸರುಗಳೇ ಅವಕ್ಕೂ ಸಲ್ಲುತ್ತವೆ. ಟಿಕ್ ಎಂದರೂ ಗೇರು ಬಾರದಿದ್ದರೆ ಅದು ಲೋಪ. ಕೇಳದೆಯೇ ಗೇರು ತಾನಾಗಿ ಬಂದರೆ, ಅದರಲ್ಲೂ ಏರಿನಲ್ಲಿ ಉಸಿರುಗಟ್ಟಿ ತುಳಿಯುವಾಗ ಬಂದರೆ, ಅದು ಆಗಮ. ಒಂದು ಕೇಳಿದರೆ ಎರಡು ದಾಟಿ ಇನ್ನಾವುದೋ ಬಂದು ಕೂತರೆ ಆದೇಶ. ಕಾರಣಗಳನ್ನು ವಿಂಗಡಿಸಲು ನಮ್ಮ ವಿಷವೈದ್ಯರ ವಿಭಾಗವೇ ಉತ್ತಮ: ನಿಂತಲ್ಲೇ ಇರುವ ಸ್ಥಾವರ, ಬಂದುಹೋಗುವ ಜಂಗಮ, ಮನುಷ್ಯ ಕೈಯಾರೆ ಮಾಡಿದ ಕೃತ್ರಿಮ. ಒಂದೇ ಲೋಪ ಈ ಮೂರರಲ್ಲಿ ಯಾವುದರಿಂದಲೂ ಹುಟ್ಟಬಹುದು. ಲಕ್ಷಣ ಕಂಡೊಡನೆ ಸ್ಕ್ರೂಗೆ ಹಾರುವವರು ಎಡವುವುದು ಇಲ್ಲೇ.

ಸ್ಥಾವರಗಳಲ್ಲಿ ಅಗ್ರಗಣ್ಯ ಹ್ಯಾಂಗರಿನ ಬಾಗು.

ಸೂತ್ರಂ: ಪಿಂದೆ ನಿಂದು ನೋಡೆ ಹ್ಯಾಂಗರ್ ನೆಟ್ಟಗಿರಲ್ವೇಳ್ಕುಂ.

ವೃತ್ತಿ: ಅಲ್ಯೂಮಿನಿಯಂ ಫ್ರೇಮಿನಲ್ಲಿ ಹ್ಯಾಂಗರನ್ನು ಬೇಕೆಂದೇ ಮೆದುವಾಗಿ, ಬೇರೆ ತುಂಡಾಗಿ ಮಾಡಿ ಬೋಲ್ಟು ಹಾಕಿರುತ್ತಾರೆ. ಡಿರೇಲರ್ ಬಂಡೆಗೆ ಬಡಿದಾಗ ಫ್ರೇಮು ಮುರಿಯುವ ಬದಲು ಹ್ಯಾಂಗರ್ ಬಾಗಲಿ ಎಂಬುದು ಉದ್ದೇಶ. ಆದರೆ ಅದು ಬಾಗಲು ಬಂಡೆಯೇ ಬೇಕಿಲ್ಲ. ಸೈಕಲನ್ನು ಬಲಮಗ್ಗುಲಾಗಿ ನೆಲಕ್ಕೆ ಒರಗಿಸಿದರೂ, ಬಸ್ಸಿನ ಟಾಪಿನ ಮೇಲೆ ಅಕ್ಕಿಮೂಟೆಯ ಪಕ್ಕ ಮಲಗಿಸಿದರೂ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಪಕ್ಕದ ಸ್ಕೂಟರ್ ಕೆಡವಿಕೊಂಡರೂ ಸಾಕು. ಒಳಕ್ಕೆ ಕೆಲವೇ ಮಿಲಿಮೀಟರ್ ವಾಲಿದ ಹ್ಯಾಂಗರ್ ಪಕ್ಕದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸೈಕಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಎರಡು ಜಾಕಿ ವೀಲುಗಳೂ ಮೇಲಿನ ಹಲ್ಲಿನ ಚಕ್ರವೂ ಒಂದೇ ನೇರದಲ್ಲಿ ಇಳಿದಿರಬೇಕು. ಕೇಜಿನ ಕೆಳತುದಿ ಕಡ್ಡಿಗಳ ಕಡೆಗೆ ಓಲಿದ್ದರೆ ನಿದಾನ ಮುಗಿಯಿತು.

ಬಾಗಿದ ಹ್ಯಾಂಗರಿನ ಗುರುತು ಇನ್ನೊಂದಿದೆ: ಚಿಕ್ಕ ಚಕ್ರಗಳನ್ನು ಸರಿಮಾಡಿದರೆ ದೊಡ್ಡವು ಮುನಿಯುತ್ತವೆ, ದೊಡ್ಡವನ್ನು ಓಲೈಸಿದರೆ ಚಿಕ್ಕವು. ಕೇಬಲಿನ ಬಿಗಿ ಬದಲಿಸಿ ಬದಲಿಸಿ ಸಂಜೆಯಾಗುತ್ತದೆ, ಒಪ್ಪಂದವಾಗುವುದಿಲ್ಲ. ಇದಕ್ಕೆ ಬೇಕಾದದ್ದು ಹ್ಯಾಂಗರ್ ಗೇಜ್ ಎಂಬ ಉದ್ದ ಕೈಯ ಸಲಕರಣೆ. ಡಿರೇಲರ್ ಬಿಚ್ಚಿ ಅದೇ ತೂತಿಗೆ ಗೇಜನ್ನು ತಿರುಪಿ, ಟ್ಯೂಬಿನ ವಾಲ್ವಿನ ಜಾಗವನ್ನು ಗುರುತಾಗಿಟ್ಟುಕೊಂಡು, ಚಕ್ರವನ್ನೂ ಗೇಜನ್ನೂ ಜೊತೆಗೆ ತಿರುಗಿಸುತ್ತ ರಿಮ್ಮಿಗೆ ಎಷ್ಟು ಅಂತರ ಉಳಿಯಿತೆಂದು ಸುತ್ತಲೂ ಅಳೆಯಬೇಕು. ವ್ಯತ್ಯಾಸ ನಾಲ್ಕು ಮಿಲಿಮೀಟರಿನೊಳಗಿದ್ದರೆ ಹ್ಯಾಂಗರ್ ನೆಟ್ಟಗಿದೆ ಎನ್ನಬಹುದು. ಹೆಚ್ಚಿದ್ದರೆ ಅದೇ ಕೈಯಿಂದ ಮೆಲ್ಲಗೆ ಬಾಗಿಸಿ ದಾರಿಗೆ ತರಬೇಕು. ಅಲ್ಯೂಮಿನಿಯಂ ಹ್ಯಾಂಗರ್ ಇಂಥ ಉಪದೇಶವನ್ನು ಒಂದೆರಡು ಸಲ ಸಹಿಸುತ್ತದೆ, ಆಮೇಲೆ ಮುರಿಯುತ್ತದೆ.

ಪ್ರಯೋಗ: ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಯ ಮೇಲೆ ಬಿದ್ದೆದ್ದು, ‘ಏನೂ ಆಗಿಲ್ಲ ಮಾರಾಯ’ ಎಂದು ಪ್ಯಾಂಟು ಕೊಡವಿಕೊಂಡು ಹತ್ತಿ, ಮುಂದಿನ ಏರಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಗೇರು ಹಾಕಿದವನ ಸ್ಥಿತಿ. ಒಳಕ್ಕೆ ಬಾಗಿದ ಹ್ಯಾಂಗರಿನಿಂದಾಗಿ ಕೇಜು ಕಡ್ಡಿಗೆ ಸಿಕ್ಕುತ್ತದೆ. ಚಕ್ರ ಒಂದೇ ಸುತ್ತಿನಲ್ಲಿ ಡಿರೇಲರನ್ನು ಕಿತ್ತು ಮೇಲಕ್ಕೆ ಎಸೆಯುತ್ತದೆ. ಈ ಪ್ರಸಂಗದಲ್ಲಿ ಮಾತ್ರ ಸರ್ವಪರಿತ್ಯಾಗಿಗಳ ಮತ ಸಿಂಧು.

ಉಳಿದ ಸ್ಥಾವರಗಳನ್ನು ಬೇಗ ಹೇಳಿ ಮುಗಿಸಬಹುದು. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಕೊಂಡಿಗಳ ಉದ್ದ ಸರಿಯಾಗಿ ಹನ್ನೆರಡು ಇಂಚು. ಅದು ಇಂಚಿನ ಹದಿನಾರನೆಯ ಒಂದು ಪಾಲು ಬೆಳೆದಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಪಾಲು ಬೆಳೆಯುವವರೆಗೆ ಕಾದವರಿಗೆ ಚೈನಿನ ಜೊತೆ ಕ್ಯಾಸೆಟ್ಟೂ ಹೋಗಿರುತ್ತದೆ, ಏಕೆಂದರೆ ಸವೆದ ಹಲ್ಲಿನ ಮೇಲೆ ಹೊಸ ಚೈನು ನಿಲ್ಲದೆ, ಒತ್ತಿ ತುಳಿದಾಗಲೆಲ್ಲ ಜಿಗಿಯುತ್ತದೆ. ಇದನ್ನು ಗೇರಿನ ದೋಷವೆಂದು ತಿಳಿದು ಕೇಬಲ್ ಬಿಗಿದವರಿದ್ದಾರೆ. ಮೇಲಿನ ಜಾಕಿ ವೀಲು ಸ್ವಲ್ಪ ಅತ್ತಿತ್ತ ಅಲ್ಲಾಡುವುದನ್ನು ಕಂಡು ಸವೆತವೆಂದು ಗಾಬರಿಬೀಳುವವರೂ ಇದ್ದಾರೆ. ಶಿಮಾನೊದ ಎಷ್ಟೋ ಡಿರೇಲರುಗಳಲ್ಲಿ ಅದು ಹುಟ್ಟಿನಿಂದ ಬಂದ ಗುಣ. ಚೈನು ತಾನೇ ನಡುಮಧ್ಯ ಕೂರಲೆಂದು ಅಷ್ಟು ಸಡಿಲ ಕೊಟ್ಟಿರುತ್ತಾರೆ.

ಇನ್ನು ಜಂಗಮ. ಇವು ಶನಿವಾರ ಕಾಣಿಸಿಕೊಂಡು ಭಾನುವಾರ ಮಾಯವಾಗುತ್ತವೆ, ಅಂಗಡಿಯ ಸ್ಟ್ಯಾಂಡಿನ ಮೇಲೆ ಸಾಧುವಾಗಿದ್ದು ಗುಡ್ಡದ ಮೇಲೆ ರಾಕ್ಷಸರಾಗುತ್ತವೆ. ಇವುಗಳ ತವರುಮನೆ ಕೇಬಲು.

ಸೂತ್ರಂ: ಏರ್ವುದು ಸುಗಮಂ, ಇಳಿವುದು ದುರ್ಗಮಮಾದೊಡೆ ಕೇಬಲೊಳ್ ಕೊಳೆಯುಂಟು.

ವೃತ್ತಿ: ದೊಡ್ಡ ಚಕ್ರಕ್ಕೆ ಏರಿಸುವಾಗ ಎಳೆಯುವುದು ಸವಾರನ ಹೆಬ್ಬೆರಳು. ಹೆಬ್ಬೆರಳಿಗೆ ಬಲವಿದೆ, ಕೊಳೆಯನ್ನೂ ಸೇರಿಸಿ ಎಳೆಯುತ್ತದೆ. ಇಳಿಸುವಾಗ ಎಳೆಯುವುದು ಡಿರೇಲರಿನ ಪುಟ್ಟ ಸ್ಪ್ರಿಂಗು. ಕೇಬಲಿನ ಹೊರಕವಚವಾದ ಔಟರಿನೊಳಗೆ ತುಕ್ಕೋ ಕೆಸರೋ ಇದ್ದರೆ ಸ್ಪ್ರಿಂಗು ಸೋಲುತ್ತದೆ. ಟಿಕ್ ಕೇಳಿಸುತ್ತದೆ, ಚೈನು ಮೇಲೆಯೇ ಉಳಿಯುತ್ತದೆ. ಕಲ್ಲು ದಾರಿಯಲ್ಲಿ ಒಂದು ಕುಲುಕು ಬಿದ್ದಾಗ ಅಂಟಿದ ಕೇಬಲ್ ಬಿಟ್ಟುಕೊಂಡು ಬಾಕಿಯಿದ್ದ ಗೇರು ತಟ್ಟನೆ ಬೀಳುತ್ತದೆ. ಲೋಪವಾಗಿ ಹೊರಟದ್ದು ಆಗಮವಾಗಿ ಮುಟ್ಟುತ್ತದೆ. ಸ್ಕ್ರೂವಾದಿ ಇಲ್ಲಿ ಕೇಬಲಿನ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ ಕೇಬಲ್ ಸಡಿಲಿಸುತ್ತಾನೆ. ಇಳಿಯುವುದು ಸರಿಯಾಗುತ್ತದೆ, ಏರುವುದು ಕೆಡುತ್ತದೆ. ಹೊರಕ್ಕೆ ತಿರುಗಿಸಿ ಬಿಗಿ ಮಾಡುತ್ತಾನೆ. ಏರುವುದು ಸರಿಯಾಗುತ್ತದೆ, ಇಳಿಯುವುದು ಮತ್ತೆ ಕೆಡುತ್ತದೆ. ಎರಡಕ್ಕೂ ಒಪ್ಪುವ ಬಿಗಿಯೇ ಸಿಗುತ್ತಿಲ್ಲವೆಂದರೆ, ಹ್ಯಾಂಗರ್ ನೆಟ್ಟಗಿರುವ ಪಕ್ಷದಲ್ಲಿ, ಅದು ಘರ್ಷಣೆ. ಬಿಗಿಯನ್ನು ಮುಟ್ಟಲೇಬೇಡಿ.

ಕೇಬಲಿನಲ್ಲೂ ರೋಗಸ್ಥಾನ ಗೊತ್ತಿರುವುದೇ. ಡಿರೇಲರಿಗೆ ಹೊಗುವ ಮುನ್ನ ಔಟರ್ ಒಂದು ದೊಡ್ಡ ಬಳಸು ಹೊಡೆಯುತ್ತದಲ್ಲ, ಆ ತುಂಡು. ಎಲ್ಲಕ್ಕಿಂತ ತಗ್ಗಿನಲ್ಲಿರುವ ತಿರುವು ಅದು. ನೀರು ಇಳಿದು ನಿಲ್ಲುವುದು ಅಲ್ಲೇ, ಚಕ್ರ ಎರಚಿದ ಕೆಸರು ಬೀಳುವುದೂ ಅಲ್ಲಿಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ತೋಟದ ದಾರಿಗಳಲ್ಲಿ ಸೈಕಲ್ ಹೊಡೆದು ಬಂದವರು ಆ ತುಂಡನ್ನು ಬಿಚ್ಚಿ ನೋಡಿದರೆ ಒಳಗಿನಿಂದ ಕೆಂಪು ಗಂಧ ಇಳಿಯುತ್ತದೆ. ಪರೀಕ್ಷೆ ಸುಲಭ. ಪೆಡಲ್ ತುಳಿಯುತ್ತ ಚೈನನ್ನು ಅತಿ ದೊಡ್ಡ ಚಕ್ರಕ್ಕೆ ಏರಿಸಿ, ಚಕ್ರ ನಿಲ್ಲಿಸಿ, ತುಳಿಯದೆ ಶಿಫ್ಟರನ್ನು ಅತಿ ಚಿಕ್ಕ ಗೇರಿನವರೆಗೆ ಟಿಕ್ ಟಿಕ್ ಎನಿಸಬೇಕು. ಕೇಬಲ್ ಸಡಿಲವಾಗುತ್ತದೆ. ಫ್ರೇಮಿನ ಸೀಳುಗಳಿಂದ ಔಟರನ್ನು ಬಿಡಿಸಿ ಹಿಂದೆಮುಂದೆ ಜಾರಿಸಿ ನೋಡಬೇಕು. ಜಾರದಿದ್ದರೆ ಅದನ್ನು ಎಸೆಯಬೇಕು. ಒಳಗೆ ಎಣ್ಣೆ ಬಿಡುವುದರಿಂದ ಒಂದು ವಾರ ನಡೆಯುತ್ತದೆ, ತೈಲವಾದಿಗಳಿಗೆ ಅಷ್ಟೇ ಸಾಕಾಗುತ್ತದೆ. ಇನ್ನರ್ ಎಂಬ ಒಳತಂತಿ ಒಂದು, ಔಟರ್ ಒಂದು ಬದಲಿಸಿದರೆ ಹಳೆಯ ಡಿರೇಲರ್ ಹೊಸದಾಗಿ ಹುಟ್ಟಿದಂತೆ ಕೆಲಸ ಮಾಡುವುದನ್ನು ಕಂಡು, ಹೊಸ ಡಿರೇಲರಿಗೆ ದುಡ್ಡು ಎತ್ತಿಟ್ಟಿದ್ದವರು ನಿರಾಶರಾದದ್ದೂ ಉಂಟು.

ಜಂಗಮದ ಒಂದು ಉಪಜಾತಿ ಶಿಫ್ಟರಿನೊಳಗೆ ವಾಸಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಉತ್ಸಾಹದಿಂದ ಕೊಂಡು, ಆಫೀಸು ತೆರೆದೊಡನೆ ಬೇಸ್‌ಮೆಂಟಿನಲ್ಲಿ ಒರಗಿಸಿಟ್ಟ ಸೈಕಲ್ಲುಗಳಲ್ಲಿ ಇದು ವಿಶೇಷ. ಒಳಗಿನ ಗ್ರೀಸು ಗಟ್ಟಿಯಾಗಿ, ಹಲ್ಲಿಗೆ ಕಚ್ಚಬೇಕಾದ ಕೊಕ್ಕೆಗಳು ಅಂಟಿಕೊಂಡು, ಲಿವರ್ ಖಾಲಿಖಾಲಿಯಾಗಿ ಆಡುತ್ತದೆ. ಟಿಕ್ಕೂ ಇಲ್ಲ, ಗೇರೂ ಇಲ್ಲ. ಸ್ಪ್ರೇ ಹೊಡೆದು ಹಳೆಯ ಗ್ರೀಸನ್ನು ತೊಳೆದು, ಲಿವರನ್ನು ತಾಳ್ಮೆಯಿಂದ ನೂರಾರು ಸಲ ಒತ್ತಿ, ಕೊನೆಗೆ ತೆಳುವಾದ ಎಣ್ಣೆ ಬಿಟ್ಟರೆ ಬಹಳಷ್ಟು ಸಲ ಪ್ರಾಣ ಮರಳುತ್ತದೆ. ಇನ್ನೊಂದು ಉಪಜಾತಿ ಚೈನಿನಲ್ಲಿ ಅಡಗಿದ ಬಿಗಿ ಕೊಂಡಿ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಕೆಳಗಿನ ಜಾಕಿ ವೀಲಿನ ಬಳಿ ಅದು ಕುಪ್ಪಳಿಸಿ ಸಿಕ್ಕಿಬೀಳುತ್ತದೆ. ಕೈಯಲ್ಲಿ ಅಡ್ಡಡ್ಡ ಬಾಗಿಸಿದರೆ ಸಡಿಲವಾಗುತ್ತದೆ.

ಮೂರನೆಯದು ಕೃತ್ರಿಮ, ಅಂದರೆ ರಿಪೇರಿಯಿಂದ ಹುಟ್ಟಿದ ರೋಗ. ಕುಟುಂಬ ದೊಡ್ಡದು, ದಿನೇದಿನೇ ಬೆಳೆಯುತ್ತಿದೆ. ಇದರ ಮೂಲಪುರುಷರು ಎಚ್ ಮತ್ತು ಎಲ್ ಎಂಬ ಎರಡು ಲಿಮಿಟ್ ಸ್ಕ್ರೂಗಳು. ಇವುಗಳ ಕೆಲಸ ಗಡಿ ಕಾಯುವುದು ಮಾತ್ರ. ಚೈನು ಅತಿ ಚಿಕ್ಕ ಚಕ್ರ ದಾಟಿ ಫ್ರೇಮಿನ ಕಡೆ ಬೀಳದಂತೆ ಎಚ್ ತಡೆಯುತ್ತದೆ, ಅತಿ ದೊಡ್ಡದನ್ನು ದಾಟಿ ಕಡ್ಡಿಗೆ ಬೀಳದಂತೆ ಎಲ್ ತಡೆಯುತ್ತದೆ. ತರ್ಕಶಾಸ್ತ್ರದಲ್ಲಿ ಹೇಳುವ ಲಕ್ಷಣದೋಷಗಳು ಇಲ್ಲಿ ಕಣ್ಣಿಗೇ ಕಾಣಿಸುತ್ತವೆ. ಸ್ಕ್ರೂ ತೀರ ಸಡಿಲವಾದರೆ ಅತಿವ್ಯಾಪ್ತಿ, ಚೈನು ಎಲ್ಲೆ ಮೀರುತ್ತದೆ. ತೀರ ಬಿಗಿಯಾದರೆ ಅವ್ಯಾಪ್ತಿ, ಕೊನೆಯ ಚಕ್ರ ದಕ್ಕುವುದಿಲ್ಲ. ಎರಡನ್ನೂ ಮನಬಂದಂತೆ ತಿರುಗಿಸಿದರೆ ಅಸಂಭವ. ನಡುವಿನ ಗೇರುಗಳ ಗರಗರಕ್ಕೂ ಈ ಎರಡು ಸ್ಕ್ರೂಗಳಿಗೂ ಯಾವ ಸಂಬಂಧವೂ ಇಲ್ಲ. ಅಂಗಡಿಯಲ್ಲಿ ಒಮ್ಮೆ ಸರಿಯಾಗಿ ಕೂರಿಸಿದ ಲಿಮಿಟ್ ತಾನಾಗಿ ಬದಲಾಗುವುದು ತೀರ ಅಪರೂಪ. ಆದರೂ ತಿರುಪುಳಿ ಮೊದಲು ಹೋಗುವುದು ಅಲ್ಲಿಗೇ, ಯಾಕೆಂದರೆ ಅವು ಕೈಗೆಟುಕುವಂತಿವೆ. ಬಿ-ಸ್ಕ್ರೂವಿಗೂ ಇದೇ ಗತಿ. ಅತಿ ದೊಡ್ಡ ಚಕ್ರಕ್ಕೂ ಮೇಲಿನ ಜಾಕಿ ವೀಲಿಗೂ ನಡುವಿನ ಅಂತರ ಕಾಯುವುದು ಅದರ ಕೆಲಸ. ಹಳೆಯ ಸೈಕಲ್ಲುಗಳಲ್ಲಿ ಐದಾರು ಮಿಲಿಮೀಟರ್ ಸಾಕಿತ್ತು, ಈಗಿನ ಹನ್ನೆರಡು ಗೇರಿನವಕ್ಕೆ ಹೆಚ್ಚು ಬೇಕು.

ಪ್ರಯೋಗಗಳು ಹೇರಳ. ಪಂಕ್ಚರ್ ಹಾಕಿಸಿದ ಮರುಗಳಿಗೆಯಿಂದ ಗೇರು ಕೆಟ್ಟಿತೆಂದರೆ ಡಿರೇಲರಿಗೆ ಪಂಕ್ಚರ್ ಆಗಿಲ್ಲ, ಚಕ್ರವನ್ನು ಓರೆಯಾಗಿ ಕೂರಿಸಿ ಬಿಗಿದಿದ್ದಾರೆ. ಬಿಚ್ಚಿ, ಒಳಕ್ಕೆ ಪೂರ್ತಿ ತಳ್ಳಿ, ಮತ್ತೆ ಬಿಗಿದರೆ ವಾಸಿ. ಚೈನು ಬದಲಿಸಿದಂದಿನಿಂದ ಕರ್‌ ಎಂಬ ಸದ್ದು ಬಿಡದಿದ್ದರೆ, ಕೇಜಿನೊಳಗೆ ಎರಡು ಗಾಲಿಗಳ ನಡುವೆ ಇರುವ ಚಿಕ್ಕ ಲೋಹದ ನಾಲಿಗೆಯ ತಪ್ಪು ಮಗ್ಗುಲಲ್ಲಿ ಚೈನನ್ನು ಹಾಯಿಸಿದ್ದಾರೆ. ಕೇಬಲನ್ನು ಬೋಲ್ಟಿನ ಗುರುತಿನ ತೋಡಿನಲ್ಲಿ ಕೂರಿಸದೆ ಇನ್ನೊಂದು ಬದಿಗೆ ಸಿಕ್ಕಿಸಿದರೆ ಎಳೆತದ ಲೆಕ್ಕವೇ ಬದಲಾಗಿ ಯಾವ ಟಿಕ್ಕೂ ಯಾವ ಚಕ್ರಕ್ಕೂ ಹೊಂದುವುದಿಲ್ಲ. ಗೇರಿನ ಔಟರ್ ಸ್ಟಾಕ್ ಇಲ್ಲವೆಂದು ಬ್ರೇಕಿನ ಔಟರ್ ಹಾಕಿಕೊಡುವ ಔದಾರ್ಯ ಇನ್ನೊಂದು. ಬ್ರೇಕಿನ ಔಟರಿನೊಳಗೆ ತಂತಿ ಸುರುಳಿ ಸುತ್ತಿರುತ್ತದೆ, ಎಳೆದಾಗ ಅದು ಕುಗ್ಗಿ ಅರ್ಧ ಮಿಲಿಮೀಟರ್ ನುಂಗಿಬಿಡುತ್ತದೆ. ಗೇರಿನ ಔಟರಿನಲ್ಲಿ ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಕುಗ್ಗುವುದಿಲ್ಲ. ಇದನ್ನು ತಿರುವುಮುರುವು ಮಾಡಿ ಬ್ರೇಕಿಗೆ ಗೇರಿನ ಔಟರ್ ಹಾಕಿದರೆ ಅದು ಒತ್ತಡಕ್ಕೆ ಸೀಳಿಹೋಗಿ ಬ್ರೇಕೇ ಇಲ್ಲದಂತಾಗಬಹುದು. ಅದು ಈ ಗ್ರಂಥದ ವ್ಯಾಪ್ತಿ ಮೀರಿದ, ಆಸ್ಪತ್ರೆಗೆ ಸೇರಿದ ವಿಷಯ.

ಸಂಕರವೂ ಕೃತ್ರಿಮವೇ. ಶಿಮಾನೊ ಮೌಂಟನ್ ಬೈಕಿನ ಒಂಬತ್ತು ಗೇರಿನ ಶಿಫ್ಟರಿಗೆ ಹತ್ತು ಗೇರಿನ ಡಿರೇಲರ್ ಕಟ್ಟಿದರೆ, ಕಂಪನಿ ಒಂದೇ ಆದರೂ ಕೇಬಲಿನ ಲೆಕ್ಕ ಬೇರೆಯಾದ್ದರಿಂದ ಸಂಸಾರ ನಡೆಯುವುದಿಲ್ಲ. ಒಂದೇ ಮನೆತನವೆಂಬುದನ್ನಷ್ಟೇ ನೋಡಿ ಮಾಡಿದ ಮದುವೆಗೆ ಇನ್ನೇನಾಗುತ್ತದೆ.

ಅಪವಾದ: 2019ರಲ್ಲಿ ಸ್ರಾಮ್ ಕಂಪನಿ ಮೌಂಟನ್ ಬೈಕಿಗೆ ತಂತಿಯೇ ಇಲ್ಲದ, ಬ್ಯಾಟರಿಯಿಂದ ನಡೆಯುವ ಡಿರೇಲರ್ ತಂದಿತು. ಜಂಗಮ ವಿಷಗಳಲ್ಲಿ ಮುಕ್ಕಾಲು ಅಲ್ಲಿಗೆ ತೀರಿತು, ಚಾರ್ಜ್ ಮಾಡಲು ಮರೆಯುವುದೆಂಬ ಹೊಸದೊಂದು ಹುಟ್ಟಿತು. 2023ರಲ್ಲಿ ಅದೇ ಕಂಪನಿ ಹ್ಯಾಂಗರನ್ನೂ ಲಿಮಿಟ್ ಸ್ಕ್ರೂಗಳನ್ನೂ ತೆಗೆದುಹಾಕಿ, ಡಿರೇಲರನ್ನು ನೇರ ಫ್ರೇಮಿಗೇ ಅಚ್ಚಿನ ಸುತ್ತ ಕೂರಿಸಿತು. ಸ್ಕ್ರೂವಾದಿಗಳಿಗೆ ತಿರುಗಿಸಲು ಅಲ್ಲಿ ಏನೂ ಉಳಿದಿಲ್ಲ. ಅದರ 12 ಗೇರಿನ ಪೂರ್ತಿ ಸೆಟ್ಟಿನ ಬೆಲೆಗೆ ನಮ್ಮಲ್ಲಿ ಒಳ್ಳೆಯ ಸೈಕಲ್ಲುಗಳೇ ಬರುವುದರಿಂದ ಈ ಗ್ರಂಥ ಇನ್ನೂ ಕೆಲಕಾಲ ಚಲಾವಣೆಯಲ್ಲಿರುತ್ತದೆ.

ಶಾಸ್ತ್ರದ ಕೊನೆಗೆ ಫಲಶ್ರುತಿ ಬರಬೇಕು. ಇಲ್ಲಿ ಫಲಕ್ಕಿಂತ ಖರ್ಚು ಹೇಳುವುದು ಲೇಸು. ಹ್ಯಾಂಗರಿಗೆ ಎಲ್ಲ ಸೈಕಲ್ಲಿಗೂ ಒಪ್ಪುವ ಅಳತೆಯೆಂಬುದಿಲ್ಲ, ಫ್ರೇಮಿಗೊಂದು ಆಕಾರ. ಎಲ್ಲಕ್ಕೂ ಒಂದೇ ಇರಲೆಂದು 2019ರಲ್ಲಿ ಯುಡಿಎಚ್ ಎಂಬ ಸಾಮಾನ್ಯ ಮಾದರಿ ಬಂದಿದೆಯಾದರೂ ನಿಮ್ಮ ಸೈಕಲ್ಲು ಅದಕ್ಕಿಂತ ಹಳೆಯದೋ ಅಗ್ಗದ್ದೋ ಆಗಿದ್ದರೆ ಅದು ಒಪ್ಪುವುದು ಅನುಮಾನ. ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಆ ಮಾಡೆಲ್ಲೇ ನಿಂತುಹೋಗಿರುತ್ತದೆ. ಆದ್ದರಿಂದ ಓದುಗರು ಈ ವಾರವೇ ತಮ್ಮ ಹ್ಯಾಂಗರಿನ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ, ಅದೇ ಆಕಾರದ್ದು ಒಂದು ಹೆಚ್ಚಿಗೆ ತಂದು, ಅದನ್ನು ಬಿಚ್ಚುವ ಅಲನ್ ಕೀ ಸಮೇತ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಕೊಳ್ಳಬೇಕು. ಸೈಕಲನ್ನು ಇನ್ನು ಮುಂದೆ ಎಡಮಗ್ಗುಲಿಗೇ ಮಲಗಿಸಬೇಕು.